ಮಾವನ ಮುಂಗೈ

"ಹೀಟರು ತಣ್ಣನ್ ಗಾಳಿ ಬುಡ್ತದೆ ಕಣವ್ವ" ಅಂತ ಮಾವ ಮೂರು ದಿನದಿಂದ ಹೇಳುತ್ತಿದ್ದರು, ಕವಿತೆ ಬಳಗದ ಗೆಳೆಯರೇ. ಹಾರನಹಳ್ಳಿಯಲ್ಲಿ ನಲವತ್ತು ವರ್ಷ ಹೊಗೆಸೊಪ್ಪು ಬೇಯಿಸಿದವರು, ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನ ಬಿಸಿಯನ್ನು ಮುಂಗೈಯಲ್ಲೇ ಅಳೆದವರು. ನಾನು ನಂಬಲಿಲ್ಲ. "ಕಿಟಕಿನ ಗಾಳಿಕಂಡಿ ಹಾಗೆ ತೆರೆದಿಡೋಕೆ ಇದೇನು ಬ್ಯಾರನ್ನಾ? ಮೊದಲು ಮುಚ್ಚಿ" ಎಂದು ರೇಗಿದೆ. ಅವರು ಕಿಟಕಿ ಮುಚ್ಚಿ, ಕಂಬಳಿ ಹೊದ್ದು ಮಲಗಿದರು.

ಇವತ್ತು ಬೆಳಿಗ್ಗೆ ಅವರ ಕೆಮ್ಮು ಕೇಳಲಾರದೆ ಹೀಟರನ್ನು ಎತ್ತಿ ನೋಡಿದೆ. ಬೇಸಿಗೆಯಲ್ಲಿ ನಾನೇ ಅದರ ಗುಂಡಿಯನ್ನು ಬರೀ ಫ್ಯಾನಿಗೆ ತಿರುಗಿಸಿ ಮರೆತಿದ್ದೆ. ಸರಿಮಾಡಿದೆ. ಮಾವ ಮುಂಗೈ ಒಡ್ಡಿ ತಲೆಯಾಡಿಸಿದರು.

"ತಪ್ಪಾಯ್ತು ಮಾವ."

"ಬುಡವ್ವ. ಬ್ಯಾರನ್ನಲ್ಲಾಗಿದ್ರೆ ಸೊಪ್ಪೆಲ್ಲ ಕೊಳ್ತೋಗದು. ನಾನು ಬರೀ ಕೆಮ್ದೆ."

ಕವಿತೆಯಲ್ಲಿ ಹೇಳದೇ ಉಳಿದದ್ದನ್ನೂ ಕೇಳಿಸಿಕೊಳ್ಳುತ್ತೇನೆಂಬ ಜಂಬ ನನಗಿತ್ತು. ಮನೆಯಲ್ಲಿ ಮೂರು ದಿನ ಬಾಯಿಬಿಟ್ಟು ಹೇಳಿದ್ದೇ ಕೇಳಿಸಲಿಲ್ಲ.