ಆವತ್ತು ನೆಟ್ ಹೋಗಿರಲಿಲ್ಲ

ಆವತ್ತು ನೆಟ್ ಹೋಗಿರಲಿಲ್ಲ. ನಾನೇ ಬಂದ್ ಮಾಡಿದ್ದೆ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.

ನಾವು ಕೆಂಭಾವಿಯವರು. ಒಂದೇ ಅಂಗಳ, ಒಂದೇ ಅಡುಗೆಮನೆ, ಎರಡು ಕಡೆ ಕೋಣೆಗಳು — ಈ ಕಡೆ ನಾನು ಮತ್ತು ನನ್ನ ಯಜಮಾನರು, ಆ ಕಡೆ ಮೈದುನ ಶರಣಪ್ಪ ಮತ್ತು ಅವನ ಹೆಂಡತಿ ಸುನಂದಾ. ಶರಣಪ್ಪ ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುತ್ತಾನೆ. ಸುನಂದಾ ಬಿ.ಎಡ್ ಮಾಡಿದವಳು. ನಾನು ಪಿಯುಸಿಯಲ್ಲಿ ನಿಂತವಳು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸುರಪುರದ ಒಂದು ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪ್ ಮಾಡಿ ಕಳಿಸುತ್ತಿದ್ದೆ. ಅದಕ್ಕಾಗಿಯೇ ಫೋನ್ ಲೈನಿಗೆ ನೆಟ್ ಹಾಕಿಸಿದ್ದೆವು. ಆಗ ಊರಲ್ಲಿ ನೆಟ್ ಸೆಂಟರ್ ಇರಲಿಲ್ಲ, ಕೈಯಲ್ಲಿ ಈಗಿನಂಥ ನೆಟ್ ಬರುವ ಫೋನೂ ಇರಲಿಲ್ಲ.

ಸುನಂದಾ ತವರಿನಿಂದ ಒಂದು ಹಳೆಯ ಕಂಪ್ಯೂಟರ್ ತಂದಳು. ಮೋಡೆಮ್ಮಿಗೆ ವೈರ್ ಸಿಕ್ಕಿಸುವ ಕಿಂಡಿ ಒಂದೇ. ನೆಟ್ ಹಂಚುವ ರೌಟರ್ ಎಂಬ ಹೆಸರನ್ನೇ ನಾವು ಕೇಳಿರಲಿಲ್ಲ. ಅವಳು ಯಾವುದೋ ಪತ್ರಿಕೆಯಲ್ಲಿ ಓದಿ, ಶಹಾಪುರದಿಂದ ಮೆಕ್ಯಾನಿಕ್‌ನನ್ನು ಕರೆಸಿ, ನನ್ನ ಕಂಪ್ಯೂಟರಿಗೆ ವೈರ್ ಸಿಕ್ಕಿಸುವ ಇನ್ನೊಂದು ಕಾರ್ಡ್ ಹಾಕಿಸಿದಳು. ಒಂದು ಕಾರ್ಡಿನಿಂದ ಮೋಡೆಮ್ಮಿಗೆ, ಇನ್ನೊಂದರಿಂದ ಅಂಗಳ ದಾಟಿ ಅವಳ ಕೋಣೆಗೆ ವೈರ್. ಎರಡು ಕಂಪ್ಯೂಟರ್ ನೇರ ಜೋಡಿಸುವ ವೈರಿನಲ್ಲಿ ಒಳಗಿನ ಎಳೆಗಳನ್ನು ಅದಲುಬದಲು ಮಾಡಬೇಕಂತೆ — ಅದನ್ನೂ ಅವಳೇ ಮೆಕ್ಯಾನಿಕ್‌ಗೆ ಹೇಳಿ ಮಾಡಿಸಿದಳು. ಕೊನೆಗೆ ನನ್ನ ಪರದೆಯ ಮೇಲೆ ಒಂದು ಸಣ್ಣ ಚೌಕ ತೋರಿಸಿದಳು. ಅದರಲ್ಲಿ ಗುರುತು ಹಾಕಿದರೆ ನನ್ನ ನೆಟ್ ಅವಳಿಗೂ ಸಿಗುತ್ತದೆ, ತೆಗೆದರೆ ಸಿಗುವುದಿಲ್ಲ.

"ಅಕ್ಕಾ, ನಿಮ್ಮ ಕಂಪ್ಯೂಟರ್ ಚಾಲೂ ಇದ್ರನ ನನಗ ನೆಟ್ ರಿ. ನನ್ನ ಜುಟ್ಟ ನಿಮ್ಮ ಕೈಯಾಗ ಅದ ನೋಡ್ರಿ" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಆ ದಿನ ಬೆಳಗ್ಗೆ ನಳದ ಹತ್ತಿರ ಪಕ್ಕದ ಮನೆಯ ಗಂಗಮ್ಮ ಕೇಳಿದಳು: "ಸುನಂದಾಗ ಸರ್ಕಾರಿ ನೌಕರಿ ಆದ್ರ ಯಾದಗಿರಿಗಿ ಹೋಗಿ ಬ್ಯಾರಿ ಇರ್ತಾರಂತಲ್ಲ. ಮನಿ ಸುದ್ದಾ ನೋಡ್ಯಾರಂತ. ನಿಮಗ ಗೊತ್ತಿಲ್ಲೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂಬಂತೆ ತಲೆಯಾಡಿಸಿ ಕೊಡ ಎತ್ತಿಕೊಂಡು ಬಂದೆ. ಸುನಂದಾಳ ಪರೀಕ್ಷೆಗಳ ಕಾಲದಲ್ಲಿ ಅವಳ ಕೂಸು ಸಹನಾಳನ್ನು ನನ್ನ ಮಗ್ಗುಲಲ್ಲಿ ಮಲಗಿಸಿಕೊಂಡವಳು ನಾನು. ಹಾಸಿಗೆ ಹಿಡಿದ ಅತ್ತೆಯನ್ನು ಇಬ್ಬರೂ ಸೇರಿ ಎತ್ತಿ ಕೂರಿಸುತ್ತಿದ್ದೆವು. ಇನ್ನು ಅದೆಲ್ಲ ನನ್ನೊಬ್ಬಳ ಮೇಲೆ ಬಿಟ್ಟು — ನನಗೊಂದು ಮಾತೂ ಹೇಳದೆ — ಗಂಗಮ್ಮನಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ! ಕೊಡವನ್ನು ನೆಲಕ್ಕೆ ಕುಕ್ಕಿದೆ. ಅವಳು ಓದಿದವಳು ಎಂಬುದೂ ಆ ಸಿಟ್ಟಿನಲ್ಲಿತ್ತು. ಅದನ್ನು ಇಲ್ಲವೆನ್ನಲಾರೆ.

ಸರ್ಕಾರಿ ಟೀಚರ್ ನೌಕರಿಗೆ ನೆಟ್ಟಿನಲ್ಲಿ ಅರ್ಜಿ ಹಾಕಲು ಅದೇ ಕೊನೆಯ ದಿನ. ತಾಲೂಕು ಕಚೇರಿಯಿಂದ ಒಂದು ಪ್ರಮಾಣಪತ್ರ ಬರುವುದು ತಡವಾಗಿ ಅವಳು ಕೊನೆಯವರೆಗೆ ಕಾದಿದ್ದಳು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ ಎಂದು ಹಿಂದೊಮ್ಮೆ ಅವಳೇ ಹೇಳಿದ್ದಳು. ಅಂದರೆ — ನನಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ಮಾಡಿದೆ.

ಮಧ್ಯಾಹ್ನ ಅವಳು ಕಂಪ್ಯೂಟರ್ ಮುಂದೆ ಕುಳಿತ ಸದ್ದು ಕೇಳಿಸಿತು. ನಾನು ಆ ಚೌಕದ ಗುರುತು ತೆಗೆದೆ. ಬೆರಳು ಒಮ್ಮೆ ಒತ್ತಿತು, ಅಷ್ಟೇ.

"ಅಕ್ಕಾ, ನೆಟ್ ಬರವಲ್ದು ನೋಡ್ರಿ!" ಅಂಗಳದಾಚೆಯಿಂದ ಕೂಗಿದಳು.

ನಾನು ಮಾನಿಟರ್ ಆರಿಸಿದೆ. ಅವಳು ಓಡಿಬಂದು ಬಾಗಿಲಲ್ಲಿ ನಿಂತಳು. "ವೈರಿನ ಲೈಟ್ ಹತ್ಯಾದ ರಿ. ಆದ್ರ ಏನೂ ತೆರೆಯವಲ್ದು."

"ಇಲ್ಲೂ ಹೋಗ್ಯಾದ" ಎಂದೆ. "ಲೈನೇ ಇಲ್ಲ. ಅದಕ್ಕ ಮಾನಿಟರ್ ಬಂದ್ ಮಾಡೀನಿ."

ಮೇಜಿನ ಹಿಂದೆ ಮೋಡೆಮ್ಮಿನ ದೀಪ ಮಿಣುಕುತ್ತಿತ್ತು. ಅವಳು ಒಂದು ಹೆಜ್ಜೆ ಒಳಗೆ ಬಂದು ಬಗ್ಗಿದ್ದರೆ ಕಾಣುತ್ತಿತ್ತು. ಬಗ್ಗಲಿಲ್ಲ. ನಾನು ಹೇಳಿದ ಮೇಲೆ ನೋಡುವುದು ಏನಿದೆ ಎಂದುಕೊಂಡಳೋ ಏನೋ... ಕಕ್ಕೇರಾ ಸಂತೆಯಲ್ಲಿದ್ದ ಗಂಡನಿಗೆ ತನ್ನ ಗುಂಡಿಯ ಮೊಬೈಲಿನಿಂದ ಫೋನ್ ಮಾಡಿದಳು. ಅವನು ಹರವಿದ ಬಟ್ಟೆ ಗಂಟು ಕಟ್ಟಿ, ಮೋಟರ್ ಸೈಕಲ್ ಮೇಲೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಬ್ಬರೂ ಸುರಪುರದ ನೆಟ್ ಸೆಂಟರಿಗೆ ಹೋದರು.

ಅವರು ಹೋದ ಮೇಲೆ ನಾನು ಮಾನಿಟರ್ ಹಚ್ಚಿ, ಅದೇ ನೆಟ್ಟಿನಲ್ಲಿ ಒಂದು ಲಗ್ನಪತ್ರಿಕೆ ಪ್ರೆಸ್ಸಿಗೆ ಕಳಿಸಿದೆ. ಆಮೇಲೆ ಚೌಕಕ್ಕೆ ಮತ್ತೆ ಗುರುತು ಹಾಕಿದೆ.

ಸುರಪುರದ ಸೆಂಟರಿನಲ್ಲಿ ಗದ್ದಲವಂತೆ. ಅವಳ ಪಾಳಿ ಬರುವಷ್ಟರಲ್ಲಿ ವೇಳೆ ಮುಗಿದಿತ್ತು. ಮನೆಗೆ ಬಂದವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ನೌಕರಿ ಆದ ಮ್ಯಾಲ ಯಾದಗಿರಿ ಸುದ್ದಿ ಹೇಳ್ಬೇಕಂತ ಸುಮ್ನಿದ್ದೆ ಅಕ್ಕಾ. ಆಗಲಿಲ್ಲಂದ್ರ ನಾಚಿಕಿ ಅಂತ. ಅತ್ತಿನ್ನ ನಮ್ಮ ಜೋಡಿ ಕರಕೊಂಡು ಹೋಗೋಣಂತ ನಿಮ್ಮ ಮೈದುನ ಅಂದಿದ್ರು. ನಿಮಗ ಹೇಳಲಿಲ್ಲ, ತಪ್ಪಾತು ರಿ."

ಅವಳು ನನ್ನ ಕ್ಷಮೆ ಕೇಳಿದಳು. ನಾನು ಅವಳ ಬೆನ್ನು ಸವರಿದೆ.

ಆಮೇಲೆ ಅವಳು ಖಾಸಗಿ ಶಾಲೆಗಳಲ್ಲಿ ದುಡಿದಳು, ಬಿಟ್ಟಳು, ಮನೆಯಲ್ಲಿ ಟ್ಯೂಷನ್ ಹೇಳಿದಳು. ಗಂಡ ಹೆಂಡತಿ ನಡುವೆ ಏನೋ ಒಂದು ಬಿರುಸು ಉಳಿಯಿತು. ಯಾಕೆಂದು ನಾನು ಯೋಚಿಸಲಿಲ್ಲ. ಯೋಚಿಸಲು ಧೈರ್ಯವಿರಲಿಲ್ಲ ಎಂದರೆ ಸರಿ.

ಈಚೆಗೆ ಸಹನಾ ತನ್ನ ಅರ್ಜಿಯನ್ನು ಫೋನಿನಲ್ಲೇ ತುಂಬುತ್ತಾ ಕೇಳಿದಳು: "ಯವ್ವಾ, ನೀ ಯಾಕ ಟೀಚರ್ ಆಗಲಿಲ್ಲ?"

"ಆವತ್ತು ನೆಟ್ ಹೋಗಿತ್ತು" ಎಂದಳು ಸುನಂದಾ. "ನಿಮ್ಮಪ್ಪ ಲಗೂನ ಬಂದಿದ್ರ ಆಗ್ತಿತ್ತು. ಅವರಿಗಿ ನನಕಿಂತ ಸಂತಿ ದೊಡ್ಡದಾತು. ಬೇಕಾದ್ರ ನಿಮ್ಮ ದೊಡ್ಡವ್ವಗ ಕೇಳು, ಆಕಿ ಇದ್ಳು."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಹೇಳಿದೆ — "ಹೌದವ್ವ, ಹೋಗಿತ್ತು."

ಮೊದಲ ಸುಳ್ಳನ್ನು ಸಿಟ್ಟಿನಲ್ಲಿ ಆಡಿದ್ದೆ. ಇದನ್ನು ತಣ್ಣಗೆ ಆಡಿದೆ, ಒಬ್ಬ ಗಂಡಸಿನ ಮೇಲೆ ಹೊರಿಸಿದ ತಪ್ಪಿಗೆ ಸಾಕ್ಷಿಯಾಗಿ. ಮರುದಿನ ತಾಯಿ ಮಗಳು ಇಬ್ಬರನ್ನೂ ಕೂರಿಸಿ ಹೇಳಿದೆ. ಚೌಕ, ಗುರುತು, ಆರಿಸಿದ ಮಾನಿಟರ್ — ಯಾವುದನ್ನೂ ಬಿಡಲಿಲ್ಲ.

ಸುನಂದಾ ಕೇಳಿದಳು: "ನಾ ನಿಮ್ಮ ಹೆಗಲ ಮ್ಯಾಲ ಅಳಾಕತ್ತಾಗ... ಆಗರ ಹೇಳ್ಬೇಕು ಅನಿಸಲಿಲ್ಲೇನ್ರಿ?"

ಅವಳು ಎದ್ದು ಬಾಗಿಲಿಗೆ ಹೋಗಿ ನನಗೆ ಬೆನ್ನು ಮಾಡಿ ನಿಂತಳು.

"ಇಷ್ಟು ವರ್ಷ ಅವರಿಗಿ ಬೈಕೋತ ಬಂದೀನಿ. ಒಂದಿನಾನೂ ಅವರು ತಿರುಗಿ ಮಾತಾಡಿಲ್ಲ." ಅವಳ ದನಿ ಒಡೆಯಿತು. "ಅವರಿಗೂ ನೀವ ಹೇಳ್ರಿ. ನನ್ನ ಬಾಯಿಲೆ ಆಗೂದಿಲ್ಲ."

ಸಂಜೆ ಶರಣಪ್ಪ ಸಂತೆಯಿಂದ ಬಂದು ಗಂಟು ಇಳಿಸುತ್ತಿದ್ದ. ಅಂಗಳದಲ್ಲೇ ನಿಲ್ಲಿಸಿ ಹೇಳಿದೆ. ಅವನು ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದ. "ನಾನೂ ಹಂಗ ತಿಳ್ಕೊಂಡಿದ್ದೆ ರಿ," ಎಂದ. "ನಾ ತಡಾ ಮಾಡಿದ್ದಕ್ಕ ಆತು ಅಂತ." ಗಂಟು ಅಲ್ಲೇ ಬಿಟ್ಟು ಒಳಗೆ ಹೋದ. ಒಳಗೆ ಸುನಂದಾ ಅಳುವುದು ಕೇಳಿಸಿತು. ನಾನು ಅಲ್ಲಿ ನಿಲ್ಲಲಿಲ್ಲ.

ಬೆಳಗ್ಗೆ ಅವಳು ಅಡುಗೆಮನೆಯಿಂದ ರೊಟ್ಟಿ ಹಂಚು, ಹಿಟ್ಟಿನ ಡಬ್ಬಿ ತನ್ನ ಕೋಣೆಗೆ ಒಯ್ದಳು. ತುಂಬಿದ ಗ್ಯಾಸ್ ಸಿಲಿಂಡರ್ ಒಂದೇ ಇತ್ತು. ನಾನು ಅದನ್ನು ಉರುಳಿಸಿಕೊಂಡು ಹೋಗಿ ಅವಳ ಹೊಸ್ತಿಲ ಹತ್ತಿರ ಇಟ್ಟೆ. ಅವಳು ಒಳಗೆ ಎಳೆದುಕೊಂಡಳು.