ಅಪಾಯದ ಪಟ್ಟಿಯಲ್ಲಿ ನಮ್ಮಮ್ಮ

ಹಿರೇಹಳ್ಳಿಯ ನಮ್ಮ ಪಂಪ್ ಕಾರ್ಖಾನೆ ಜೊತೆ ಸೇರಿ ಕುಣಿಗಲ್ ಕಡೆ ಹೊಸ ಘಟಕ ಹಾಕಲು ಜರ್ಮನಿಯ ಕಂಪನಿಯೊಂದು ಮುಂದೆ ಬಂದಿತ್ತು. ಇಲ್ಲಿ ದುಡ್ಡು ಹಾಕಿದರೆ ರಾಜಕೀಯ ತೊಂದರೆ ಬರುತ್ತಾ ಅಂತ ನೋಡಲು ಬೆಂಗಳೂರಿನ ಮೇಡಂ ಒಬ್ಬರನ್ನು ಕಳಿಸಿದ್ದರು. ಜಾಗ ತೋರಿಸೋ ಕೆಲಸ ನನ್ನದು.

ಕಾರಿನಲ್ಲಿ ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಕಾರ್ಖಾನೆಗೆ ಕೆರೆ ನೀರು ಕೊಡಬಾರದು ಅಂತ ರಸ್ತೆ ತಡೆದವರು, ಸರ್. ದೊಡ್ಡ ರಿಸ್ಕ್ ಇವ್ರೇ. ಯಾರು ಗೊತ್ತಾ?"

ಪರದೆಯ ಮೇಲಿದ್ದ ಫೋಟೊವನ್ನು ಬಗ್ಗಿ ನೋಡಿದೆ. ನಮ್ಮೂರು ಕೊತ್ತಗೆರೆಯ ನಡುರಸ್ತೆಯಲ್ಲಿ ಮೈಕ್ ಹಿಡಿದು ನಿಂತಿದ್ದವಳು ನಮ್ಮಮ್ಮ! ಸುಳ್ಳು ಹೇಳಲು ಬಾಯೇ ಬರಲಿಲ್ಲ.

"ನಮ್ಮ ತಾಯಿ" ಅಂದೆ. ಮೇಡಂ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದರು.

ಸಂಜೆ ಊರಿಗೆ ಹೋಗಿ, "ನಂಗ್ಯಾಕೆ ಹೇಳ್ಲಿಲ್ಲ?" ಅಂತ ರೇಗಿದೆ.

"ಹೇಳಿದ್ರೆ ಬ್ಯಾಡ ಅಂತಿದ್ದೆ ಕಣ್ಲಾ" ಅಂದಳು ಅಮ್ಮ, ಸೊಪ್ಪು ಬಿಡಿಸುತ್ತಾ.

ಮೂರು ತಿಂಗಳಿಗೆ ಆ ಕಂಪನಿ ನಮ್ಮನ್ನು ಬಿಟ್ಟು ಬೇರೆ ದೇಶಕ್ಕೆ ಹೋಯಿತು. ಅಲ್ಲಿ ಇಂಥ ತೊಂದರೆ ಇಲ್ಲವಂತೆ ಅಂತ ಅಮ್ಮನಿಗೆ ತಿಳಿಸಿದೆ.

ಅವಳು ನಿಜವಾಗಿಯೂ ಗಾಬರಿಯಾದಳು. "ಯಾಕ್ಲಾ, ಅಲ್ಲಿ ಹೆಂಗಸ್ರು ನೀರು ಕುಡಿಯಕಿಲ್ವಾ?"