ಗಾಜು ಒರೆಸೋಕೂ ಜಗಳ ಆಡಬೇಕೇ?

"ಅತ್ತಿಗೆ, ನನ್ನ ಬೀಜ ಎಲ್ಲಾ ರಿಜೆಕ್ಟ್ ಅಂತೆ. ಬೇಗ ಬನ್ನಿ."

ನಾದಿನಿ ಮಂಜುಳಾ ಫೋನಿನಲ್ಲಿ ಹೇಳಿದ್ದು ಇಷ್ಟೇ. ದೇವನಹಳ್ಳಿಯಲ್ಲಿದ್ದ ನಾನು ಸಿಕ್ಕಿದ ಆಟೋ ಹತ್ತಿ ಅವಳಿದ್ದ ಗೋಡೌನಿಗೆ ಓಡಿದೆ.

ಮಂಜುಳಾ ಬೂದಿಗೆರೆ ಹತ್ತಿರ ಒಂದು ಬೀಜದ ಕಂಪನಿಗೆ ಬೆಂಡೆ ಬೀಜ ಬೆಳೆದು ಕೊಡುತ್ತಾಳೆ. ಬಿತ್ತಿ ಕೊಯ್ದರೆ ಮುಗಿಯುವ ಕೆಲಸವಲ್ಲ ಅದು. ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಕೇಸರ ಕೀಳಬೇಕು. ಬೆಳಗ್ಗೆ ಬೇರೆ ಗಿಡದ ಪರಾಗ ತಂದು ಸವರಬೇಕು. (ಒಮ್ಮೆ ಸಹಾಯಕ್ಕೆ ಹೋಗಿದ್ದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು.)

ಕಂಪನಿಯ ಗೋಡೌನಿಗೆ ಹೊಸ ಮೆಷಿನ್ ಬಂದಿದೆ. ಮೇಲಿಂದ ಬೀಜ ಸುರಿದರೆ ಕ್ಯಾಮೆರಾ ಫೋಟೋ ತೆಗೆಯುತ್ತದೆ, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಎಐ ತೀರ್ಮಾನಿಸುತ್ತದೆ, ಬೇಡದ್ದನ್ನು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಒಳ್ಳೆಯ ಟೆಕ್ನಾಲಜಿ. ನನ್ನ ತಕರಾರು ಮೆಷಿನ್ ಬಗ್ಗೆ ಅಲ್ಲ, ಅದರ ಪಕ್ಕ ನಿಂತಿದ್ದ ಸೂಪರ್‌ವೈಸರ್ ಬಗ್ಗೆ.

"ಎಐ ಹೇಳಿದ್ಮೇಲೆ ಮುಗೀತು ಮೇಡಂ. ನಮ್ ಕೈಲಿ ಏನೂ ಇಲ್ಲ."

"ಹಾಗಾದ್ರೆ ನನ್ನ ಬೀಜ ವಾಪಸ್ ಕೊಡಿ" ಅಂದಳು ಮಂಜುಳಾ.

"ರಿಜೆಕ್ಟ್ ಆದ್ರೂ ಅದು ಕಂಪನಿದೇ ಕಣಮ್ಮ. ಹೊರಗೆ ಬಿಡಂಗಿಲ್ಲ."

ಕೇಳಿದಿರಾ? ಕೆಟ್ಟಿದೆ, ದುಡ್ಡು ಕೊಡಲ್ಲ ಅನ್ನುವಾಗ ಅವಳ ಬೀಜ, ವಾಪಸ್ ಕೇಳಿದರೆ ಕಂಪನಿಯ ಬೀಜ!

ಮಂಜುಳಾ ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವತ್ತು ಮೆಷಿನ್ ಮುಂದೆ ಹೋಗಿ ನಿಂತುಬಿಟ್ಟಳು. "ಇನ್ನೊಂದ್ಸಲ ಹಾಕಿ. ಹಾಕೋವರ್ಗೂ ನಾನ್ ಹೋಗಲ್ಲ."

ನಾನೂ ಪಕ್ಕದಲ್ಲಿ ನಿಂತೆ. ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. (ಪೂರ್ತಿ ಅಲ್ಲ.)

ಕೊನೆಗೆ ಆಪರೇಟರ್ ಮೆಷಿನ್ ಆಫ್ ಮಾಡಿ ಬಾಗಿಲು ತೆರೆದ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಧೂಳು ದಪ್ಪಗೆ ಕೂತಿತ್ತು. ಬಟ್ಟೆ ತಂದು ಒರೆಸಿದ. ಬಟ್ಟೆ ಕಪ್ಪಾಯಿತು. ಇನ್ನೂ ಪಕ್ಕದಲ್ಲೇ ಇದ್ದ ಅವಳ ಬೀಜವನ್ನು ಮತ್ತೆ ಸುರಿದ.

ಹೆಚ್ಚುಕಮ್ಮಿ ಎಲ್ಲವೂ ಪಾಸ್!

ಸೂಪರ್‌ವೈಸರ್ ತಪ್ಪಾಯ್ತು ಅಂತ ಒಂದು ಮಾತಾದರೂ ಹೇಳಿದನೇ? ಇಲ್ಲ. "ನೋಡಿ ಮೇಡಂ, ನಮ್ ಎಐ ಎಷ್ಟು ಕರೆಕ್ಟಾಗಿ ಹೇಳ್ತು" ಅಂದ.

ನನ್ನ ಮೈಯೆಲ್ಲಾ ಉರಿದುಹೋಯಿತು. ಮಂಜುಳಾ ಮಾತ್ರ ಬೇರೆಯದೇ ಕೇಳಿದಳು.

"ಬೆಳಗ್ಗೆಯಿಂದ ನನಗಿಂತ ಮುಂಚೆ ಬಂದೋರದ್ದು? ಅವರ್ನೂ ವಾಪಸ್ ಕರೀರಿ."

"ರಿಜೆಕ್ಟ್ ಎಲ್ಲಾ ಒಟ್ಟಿಗೆ ಸುರಿದಾಯ್ತಮ್ಮ. ಯಾರ್ದು ಯಾವ್ದು ಅಂತ ಹುಡುಕೋದು? ಅವರ್ಯಾರೂ ಕಂಪ್ಲೇಂಟ್ ಮಾಡ್ಲಿಲ್ವಲ್ಲ."

ಇವಳ ಬೀಜ ಉಳಿಯಿತು. ಉಳಿದವರದ್ದು ಆ ರಾಶಿಯಲ್ಲೇ ಹೋಯಿತು.

ನೋಡುವ ಕೆಲಸವನ್ನು ಮೆಷಿನ್ನಿಗೆ ಕೊಡಿ, ಬೇಡ ಅಂದವರು ಯಾರು? ಜವಾಬ್ದಾರಿಯನ್ನೂ ಅದರ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು?

ಜಗಳ ಆಡಲು ಬಾರದವರ ಬೀಜ ಮೊಳಕೆ ಒಡೆಯುವುದಿಲ್ಲವೇ ಸ್ವಾಮಿ?